ಜಾಂಬಿಯಾದಲ್ಲಿ ನಾವು ಹಿಡಿದ ಜಾಗದ ಮಾಸುಕು (ಅಲ್ಲಿನ ಒಂದು ಕಾಡುಹಣ್ಣು) ಮರಗಳಲ್ಲಿ ಅರ್ಧದಷ್ಟು ಕಾಯಿಯೇ ಬಿಡುವುದಿಲ್ಲ. ಅವನ್ನು ಕಡಿಸಿ ಮಾವು ಹಾಕಬಹುದೇ?

ಕಡಿಸಬೇಡಿ. ಇದೇ ಲೆಕ್ಕ ಹಾಕಿ 11 ಮರ ಕಡಿಸಿದವನು ನಾನು.

ಆಗ ಜಾಂಬಿಯಾದ ಎಂಪಿಕಾ ಊರಿನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಮನೆ ಹಿಂದೆ ಎರಡು ಎಕರೆ ಜಲ್ಲಿಮಣ್ಣಿನ ಜಾಗ ಗುತ್ತಿಗೆಗೆ ಹಿಡಿದಿದ್ದೆ. ಅದರಲ್ಲಿ 27 ಮಾಸುಕು. ಎರಡಾಳು ಎತ್ತರದ ಮರಗಳು, ಕೊಡೆ ಬಿಚ್ಚಿದ ಹಾಗೆ ತಲೆ. ಎಲೆ ನಮ್ಮ ಗೇರೆಲೆಯನ್ನೇ ದೊಡ್ಡದು ಮಾಡಿದ ಹಾಗೆ, ದಪ್ಪ, ಮೇಲ್ಗಡೆ ಹೊಳಪು, ಕೊಂಬೆಯ ತುದಿಯಲ್ಲಿ ಗುಂಪಾಗಿ. ಮಳೆ ಶುರುವಾಗುವ ಹೊತ್ತಿಗೆ ನಿಂಬೆಗಿಂತ ಚಿಕ್ಕ, ಕಂದು ಹಳದಿ ಹಣ್ಣು. ಸಿಪ್ಪೆ ಗಟ್ಟಿ. ಬೆರಳಲ್ಲಿ ಒತ್ತಿ ಒಡೆದು ಒಳಗಿನ ತಿರುಳು ಚೀಪಬೇಕು. ಪೇರು ಹಣ್ಣು ಜಾಸ್ತಿ ಕಳಿತರೆ ಒಂದು ಸಿಹಿ ಬರುತ್ತದಲ್ಲ, ಹಾಗೆ. ಒಂದರಲ್ಲಿ ಮೂರು ನಾಲ್ಕು ಬೀಜ.

ಮೊದಲ ವರ್ಷ ಯಾವ ಮರ ಬಿಟ್ಟಿತು, ಯಾವುದು ಬಿಡಲಿಲ್ಲ ಅಂತ ಪುಸ್ತಕದಲ್ಲಿ ಬರೆದೆ. 16 ಬಿಟ್ಟವು, 11ರಲ್ಲಿ ಒಂದು ಕಾಯಿಯೂ ಇಲ್ಲ. ಎರಡನೇ ವರ್ಷವೂ ಅವೇ 11. ದಂಡಪಿಂಡಗಳು ಅಂದುಕೊಂಡೆ. ಜೂನ್‌ನಲ್ಲಿ ಇದ್ದಿಲು ಸುಡುವವರನ್ನು ಕರೆಸಿ ಕಡಿಸಿಬಿಟ್ಟೆ. ಇದರ ಇದ್ದಿಲಿಗೆ ಅಲ್ಲಿ ಗಿರಾಕಿಗಳಿದ್ದರು, ನಾಲ್ಕು ಕಾಸೂ ಬಂತು. ಪಕ್ಕದ ಮನೆಯ ಬಾಮಾಯೋ (ಅಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯಬೇಕು, ನಮ್ಮ ಅಮ್ಮಾ ಇದ್ದ ಹಾಗೆ) ಬೇಲಿಯಾಚೆ ನಿಂತು ಕೇಳಿದರು: "ಟೀಚರ್, ಗಂಡಸರನ್ನೆಲ್ಲ ಕಳಿಸಿಬಿಟ್ರಾ?" ಕೂಲಿಯವರ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು "ಹೂಂ, ಸಂಬಳ ಕೊಟ್ಟೇ ಕಳಿಸಿದೆ" ಅಂದೆ.

ಆ ಅಕ್ಟೋಬರ್‌ನಲ್ಲಿ 16 ಮರಗಳೂ ಜಗ್ಗುವಷ್ಟು ಕಾಯಿ. ನನ್ನ ಲೆಕ್ಕವೇ ಸರಿ ಅಂತ ಬೀಗಿದೆ. ಮುಂದಿನ ಅಕ್ಟೋಬರ್‌ನಲ್ಲಿ ಅವೇ 16 ಮರಗಳಿಂದ ಒಂದು ಬೋಗುಣಿ ತುಂಬಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲೇ ಜಾರುತ್ತೀರಿ. ಮಾಸುಕಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರ ಎಷ್ಟು ವರ್ಷ ಕಾದರೂ ಕಾಯಿ ಬಿಡುವುದಿಲ್ಲ. ಹೂ ಬರುವುದು ಜನವರಿಯಿಂದ ಏಪ್ರಿಲ್ ತನಕ, ಹಣ್ಣಾಗುವುದು ಅಕ್ಟೋಬರ್ ಮೇಲೆ. ನಾನು ಕಡಿಸಿದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಗಂಡು ಮರಗಳು ತಮ್ಮ ಕೆಲಸ ಮುಗಿಸಿದ್ದವು, ಹೆಣ್ಣು ಮರಗಳಲ್ಲಿ ಕಾಯಿ ಕಚ್ಚಿಯಾಗಿತ್ತು. ಹಾಗಾಗಿ ತಪ್ಪು ಗೊತ್ತಾಗಲು ಹದಿನಾರು ತಿಂಗಳು ಹಿಡಿಯಿತು. ಸುತ್ತ ಕಾಡಿದ್ದಿದ್ದರೆ ಹುಳಹುಪ್ಪಟೆ ಅಲ್ಲಿಂದ ಪರಾಗ ತರುತ್ತಿದ್ದವೋ ಏನೋ. ನಮ್ಮ ಸುತ್ತ ಬರೀ ಮೆಕ್ಕೆಜೋಳ.

ನಾಚಿಕೆಯ ಮಾತೇನು ಗೊತ್ತಾ? ನಾನು ಶಿರಸಿ ಕಡೆಯವನು. ನಮ್ಮ ತೋಟದಲ್ಲಿ ಅಪ್ಪಯ್ಯ ಹತ್ತು ಹೆಣ್ಣು ಜಾಯಿಕಾಯಿ ಗಿಡಕ್ಕೆ ಒಂದು ಗಂಡು ಅಂತ ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದೆ, ಪರದೇಶದ ಮರ ಅಂದ ಕೂಡಲೇ ಮರೆತೆ. ಇನ್ನೊಂದು ಸಂಗತಿ: ಮಾಸುಕು ನಮ್ಮ ಬೆಟ್ಟದ ನೆಲ್ಲಿಯ ಕುಟುಂಬದ್ದೇ. ಆದರೆ ನೆಲ್ಲಿಯಲ್ಲಿ ಎರಡೂ ಬಗೆಯ ಹೂ ಒಂದೇ ಮರದಲ್ಲಿರುತ್ತವೆ.

ಮತ್ತೆ ಬೆಳೆಸೋಣ ಅಂತ ಹೊರಟೆ. ಬೀಜವನ್ನು ಜಗುಲಿಯಲ್ಲಿ ಚೆನ್ನಾಗಿ ಒಣಗಿಸಿ ಬಿತ್ತಿದೆ, ಒಂದೂ ಹುಟ್ಟಲಿಲ್ಲ. ಮಾಸುಕಿನ ಬೀಜ ಒಣಗಿದರೆ ಸತ್ತ ಹಾಗೆ. ತಾಜಾ ಬೀಜ ಹಾಕಿದಾಗ ಹುಟ್ಟಿದವು, ಆದರೆ ಸಗಣಿ ಗೊಬ್ಬರದ ಮಣ್ಣಿನಲ್ಲಿ ಹಳದಿಯಾಗಿ ಕೂತವು. ಕೊನೆಗೆ ಬಾಮಾಯೋನೇ ದೊಡ್ಡ ಮರದ ಬುಡದ ಮಣ್ಣು ತಂದು ಹಾಕಿ ಅಂದರು. ಆ ಬೇರಿಗೆ ಅಂಟಿಕೊಂಡಿರುವ ಒಂದು ಬಗೆಯ ಶಿಲೀಂಧ್ರ ಇಲ್ಲದೆ ಸಸಿ ಏಳುವುದಿಲ್ಲ. ಎದ್ದರೂ ಬೀಜದ ಗಿಡ ಫಲಕ್ಕೆ ಬರಲು ಹತ್ತು ವರ್ಷ ದಾಟುತ್ತದೆ, ಅಲ್ಲಿಯ ತನಕ ಅದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಕಸಿ ಕಟ್ಟಿದರೆ ಮೂರ್ನಾಲ್ಕು ವರ್ಷ ಸಾಕು. ಪಕ್ಕದ ದೇಶ ಮಲಾವಿಯ ಮಕೋಕಾ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಕೆಲಸ ನಡೆದಿದೆ.

ಇನ್ನು ನಿಮ್ಮ ಮಾವು. ಕೇಳಿದ್ದೇ ಸರಿಯಿಲ್ಲ ಅಂತೀನಿ, ಬೇಜಾರಾಗಬೇಡಿ. ಮಾಸುಕು ದಟ್ಟವಾಗಿ ಬೆಳೆದಿದೆ ಅಂದರೆ ಅದು ಸತ್ವವಿಲ್ಲದ, ಹುಳಿ ಮಣ್ಣು ಅಂತಲೇ ಲೆಕ್ಕ. ಅಲ್ಲಿ ಮಾವಿಗೆ ಗೊಬ್ಬರ, ನೀರು ಸುರಿದು ಸುಸ್ತಾಗುತ್ತೀರಿ. ಮಾಸುಕಿಗೆ ಏನೂ ಹಾಕಬೇಕಿಲ್ಲ. ಅದೂ ಅಲ್ಲದೆ, ಮಾಸುಕು ಬರುವುದು ಮನೆಯ ಮೆಕ್ಕೆಜೋಳ ಖಾಲಿಯಾಗುತ್ತ ಬಂದ, ಹೊಸ ಬೆಳೆ ಇನ್ನೂ ಬಾರದ ತಿಂಗಳುಗಳಲ್ಲಿ. ಹೆಂಗಸರು, ಮಕ್ಕಳು ರಸ್ತೆ ಬದಿ ಬೋಗುಣಿಯಲ್ಲಿಟ್ಟು ಮಾರಿ ದುಡ್ಡು ನೋಡುತ್ತಾರೆ. ಜಾಮ್ ಮಾಡುತ್ತಾರೆ, ಮಲಾವಿಯಲ್ಲಿ ವೈನೂ ಮಾಡುತ್ತಾರೆ. ಬೇರನ್ನು ಹೊಟ್ಟೆ ಕೆಟ್ಟಾಗ ಕುದಿಸಿ ಕುಡಿಯುತ್ತಾರೆ, ನಾನು ಕುಡಿದಿಲ್ಲ.

ಜಾಗ ಬೇಕೇ ಬೇಕು ಅಂದರೆ ಫೆಬ್ರವರಿ ತನಕ ತಡೆಯಿರಿ. ಗಂಡು ಮರದಲ್ಲಿ ಹಳದಿ ಹೂ ಉಂಡೆಯಾಗಿ ಗೊಂಚಲು ಗೊಂಚಲು. ಹೆಣ್ಣಿನಲ್ಲಿ ಒಂದೊಂದೇ ಬಿಡಿ ಹೂ. ಗಂಡು ಮರಕ್ಕೆಲ್ಲ ಬಟ್ಟೆ ಕಟ್ಟಿ. ತೀರಾ ಜಾಸ್ತಿ ಇದ್ದರೆ ಒಂದೆರಡು ತೆಗೆಯುವ ಮಾತು ಆಮೇಲೆ ಆಡೋಣ. ಗುರುತು ಸಿಗದಿದ್ದರೆ ಹೂವಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.