ಓದುಗರ ಪ್ರಶ್ನೆ: ಕಿರುತೆರೆಗೆ ನಾನಾವತಿ ಪ್ರಕರಣ

ಪ್ರಶ್ನೆ: 1959ರ ನಾನಾವತಿ ಕೊಲೆ ಪ್ರಕರಣವನ್ನು ಆರು ಕಂತಿನ ಧಾರಾವಾಹಿಯಾಗಿ ಬರೆಯುತ್ತಿದ್ದೇನೆ. ಹೆಂಡತಿ ತನ್ನ ಪರಪುರುಷ ಸಂಬಂಧವನ್ನು ಒಪ್ಪಿಕೊಂಡ ಕೂಡಲೇ ಗುಂಡಿನ ಸದ್ದಿಗೆ ಕಟ್ ಮಾಡಿದರೆ ಬಿಗಿ ಬರುವುದಿಲ್ಲವೇ?

ಉತ್ತರ: ಬರುತ್ತದೆ. ಆದರೆ ಆ ಒಂದೇ ಕಟ್‌ನಲ್ಲಿ ಆರೋಪಿಯ ಪರ ನೀವೇ ವಾದ ಗೆಲ್ಲಿಸಿಬಿಡುತ್ತೀರಿ. ಕೇಸಿನ ಜೀವ ಇರುವುದೇ ಆ ನಡುವಿನ ಹೊತ್ತಿನಲ್ಲಿ. ಏಪ್ರಿಲ್ 27ರ ಮಧ್ಯಾಹ್ನ ಸುಮಾರು ಒಂದೂವರೆಗೆ ಮನೆ ಬಿಟ್ಟ ನೌಕಾಪಡೆಯ ಕಮಾಂಡರ್ ನಾನಾವತಿ, ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟರು. ಐಎನ್‌ಎಸ್ ಮೈಸೂರು ಹಡಗಿನಲ್ಲಿ ಸುಳ್ಳು ನೆಪ ಹೇಳಿ ರಿವಾಲ್ವರ್, ಆರು ಗುಂಡು ಪಡೆದರು. ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾ ಕಚೇರಿಯಲ್ಲಿ ಸಿಗದೆ ಅವನ ಫ್ಲಾಟಿಗೆ ಹೋದರು. ಗುಂಡು ಹಾರಿದ್ದು ಸುಮಾರು 4.20ಕ್ಕೆ. ಸಿಟ್ಟು ತಣಿಯಲು ಅಷ್ಟು ಹೊತ್ತು ಸಾಕಿತ್ತೆಂದು 1961ರಲ್ಲಿ ಸುಪ್ರೀಂ ಕೋರ್ಟ್ ಹಠಾತ್ ಪ್ರಚೋದನೆಯ (ಸಿಟ್ಟಿನ ಭರದಲ್ಲಿ ಕೊಂದರೆಂಬ) ವಾದವನ್ನು ತಳ್ಳಿಹಾಕಿತು. ಹಡಗು, ಕಚೇರಿ ಎರಡಕ್ಕೂ ಒಂದೊಂದು ದೃಶ್ಯ ಕೊಡಿ. ಮಾತು ಬೇಡ, ಗುಂಡುಗಳನ್ನು ಎಣಿಸಿ ಕೊಡುವ ಕೈ ಕಂಡರೆ ಸಾಕು.

ಹತ್ಯೆಯ ಹೊತ್ತಿಗೆ ಕ್ಯಾಮೆರಾ ಮಲಗುವ ಕೋಣೆಯ ಹೊರಗೇ ನಿಲ್ಲಲಿ. ಒಳಗೆ ಹೊಯ್‌ಕೈ ನಡೆದು ಆಕಸ್ಮಿಕವಾಗಿ ಗುಂಡು ಹಾರಿತೆಂಬುದು ಆರೋಪಿಯ ಮಾತು. ಸ್ನಾನ ಮುಗಿಸಿ ಬಂದ ಅಹುಜಾ ಗುಂಡೇಟು ತಿಂದು ಬಿದ್ದಾಗಲೂ ಸೊಂಟದ ಟವೆಲ್ ಸಡಿಲಗೊಂಡಿರಲಿಲ್ಲ, ಹಾಗಾಗಿ ಹೊಯ್‌ಕೈ ನಡೆದೇ ಇಲ್ಲ ಎಂಬುದು ಪ್ರಾಸಿಕ್ಯೂಷನ್‌ನ ಪಟ್ಟು. ಒಳಗಿನದನ್ನು ತೋರಿಸಿದರೆ ಯಾರೋ ಒಬ್ಬರ ಕಥೆಯನ್ನು ನಿಜವೆಂದು ಒಪ್ಪಿದಂತೆ. ಬಾಗಿಲು ತೆರೆದಾಗ ಮೊದಲ ಶಾಟ್ ಟವೆಲ್‌ನದೇ ಇರಲಿ.

ಕಲಾ ವಿಭಾಗದವರು ಎಡವುವ ಜಾಗಗಳಿವೆ. ರಿವಾಲ್ವರಿನ ಖಾಲಿ ತೋಟಾ ಸಿಲಿಂಡರಿನಲ್ಲೇ ಉಳಿಯುತ್ತದೆ. ನೆಲದ ಮೇಲೆ ಚೆಲ್ಲಿದರೆ ತಪ್ಪು. 1960ರ ಮೇ 1ರವರೆಗೆ ಮಹಾರಾಷ್ಟ್ರ ರಾಜ್ಯವೇ ಇರಲಿಲ್ಲ, ಬೋರ್ಡುಗಳಲ್ಲಿ ಬಾಂಬೆ ರಾಜ್ಯ ಎಂದೇ ಬರೆಸಿ. ಚಿಲ್ಲರೆ ತೋರಿಸುವುದಾದರೆ 1957ರಿಂದ ಬಂದ ನಯಾ ಪೈಸೆ ಸೇರಿಸಿ. ನ್ಯಾಯಾಧೀಶರ ಕೈಯಲ್ಲಿ ಸುತ್ತಿಗೆಯಂತೂ ಬೇಡವೇ ಬೇಡ.

ಒಂಬತ್ತು ಜನರ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ) 8–1ರಲ್ಲಿ ನಿರ್ದೋಷಿ ಎಂದಿತು. ಅಲ್ಲಿಗೇ ಕಥೆ ಮುಗಿಸುವವರಿದ್ದಾರೆ. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದೇ ಮುಂದಿನ ಕಂತುಗಳ ಬೀಜ: 1960ರಲ್ಲಿ ಜೀವಾವಧಿ ಶಿಕ್ಷೆ, 1964ರಲ್ಲಿ ಕ್ಷಮಾದಾನ. ಇದೇ ದೇಶದ ಕಟ್ಟಕಡೆಯ ಜ್ಯೂರಿ ವಿಚಾರಣೆ ಎಂಬ ಮಾತನ್ನು ಮಾತ್ರ ನಿರೂಪಕರ ಬಾಯಲ್ಲಿ ಹಾಕಬೇಡಿ, ಅದು ತಪ್ಪು.

ಪ್ರಶ್ನೆ: ಕುಟುಂಬದವರ ಅನುಮತಿ ಬೇಕೇ?

ಉತ್ತರ: ನ್ಯಾಯಾಲಯದ ದಾಖಲೆಯಲ್ಲಿ ಇರುವಷ್ಟಕ್ಕೆ ಬೇಡ ಎಂಬುದು ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪಿನ ಸಾರ. ಕೋರ್ಟು ನಿಷೇಧಿಸದಿದ್ದರೆ ತೀರ್ಪಿನ ಸಾಲುಗಳನ್ನು ಹಾಗೆಯೇ ಬಳಸಲು ಕೃತಿಸ್ವಾಮ್ಯದ ಅಡ್ಡಿಯೂ ಇಲ್ಲ. ನೀವು ಕಲ್ಪಿಸಿದ ಏಕಾಂತದ ಸಂಭಾಷಣೆಗೆ ಈ ರಕ್ಷಣೆ ಸಿಗದು. ಸ್ಕ್ರಿಪ್ಟಿನ ಅಂಚಿನಲ್ಲಿ ಪ್ರತಿ ದೃಶ್ಯಕ್ಕೂ ತೀರ್ಪಿನ ಪ್ಯಾರಾ ಸಂಖ್ಯೆ ಬರೆಯಿರಿ. ಸಂಖ್ಯೆ ಸಿಗದ ದೃಶ್ಯಗಳನ್ನು ಚಿತ್ರೀಕರಣಕ್ಕೆ ಮೊದಲೇ ವಕೀಲರಿಗೆ ತೋರಿಸಿ.