ಬೆಂಗಳೂರಲ್ಲೇ ಕೂತು ಎಸ್ಟೋನಿಯಾದಲ್ಲಿ ಕಂಪನಿ ತೆರೆಯಬಹುದಾ?

ತೆರೆಯಬಹುದು. 2014ರ ಡಿಸೆಂಬರ್‌ನಲ್ಲಿ ಯುರೋಪಿನ ಪುಟ್ಟ ದೇಶ ಎಸ್ಟೋನಿಯಾ, ಹೊರದೇಶದವರಿಗೆ ಡಿಜಿಟಲ್ ಗುರುತು ಕೊಡುವ ‘ಇ-ರೆಸಿಡೆನ್ಸಿ’ ಶುರು ಮಾಡಿತು. ಹೆಸರು ಕೇಳಿ ಮೋಸ ಹೋಗಬೇಡಿ. ಇದು ವೀಸಾ ಅಲ್ಲ, ಪೌರತ್ವವೂ ಅಲ್ಲ. ಸಿಗುವುದು ಚಿಪ್ ಇರುವ ಒಂದು ಕಾರ್ಡ್, ಜೊತೆಗೆ ಎರಡು ಪಿನ್. ಒಂದು ಅಲ್ಲಿನ ಆನ್‌ಲೈನ್ ಸೇವೆಗಳಿಗೆ ಲಾಗಿನ್ ಆಗೋಕೆ, ಇನ್ನೊಂದು ಸಹಿ ಹಾಕೋಕೆ. ಅಲ್ಲಿನ ಕಾನೂನಿನಲ್ಲಿ ಆ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ.

ಅರ್ಜಿ ಆನ್‌ಲೈನ್. ಆದರೆ ಬೆರಳಚ್ಚು ಕೊಟ್ಟು ಕಾರ್ಡ್ ತರೋಕೆ ಖುದ್ದಾಗಿ ಹೋಗಬೇಕು. ದೆಹಲಿಯಲ್ಲಿ ಅವರ ರಾಯಭಾರ ಕಚೇರಿ ಇದೆ. ಆಮೇಲೆ ‘ಓಯು’ ಅನ್ನೋ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಮನೆಯಿಂದಲೇ ನೋಂದಾಯಿಸಬಹುದು. ಅಲ್ಲಿನ ವಿಳಾಸ, ಒಬ್ಬ ಸಂಪರ್ಕ ವ್ಯಕ್ತಿ ಬೇಕು. ಇದನ್ನು ಒದಗಿಸುವ ಸಂಸ್ಥೆಗಳಿವೆ, ದುಡ್ಡು ಕೊಟ್ಟರಾಯಿತು. ವಹಿವಾಟು ನಡೆಯದಿದ್ದರೂ ವರ್ಷಕ್ಕೊಮ್ಮೆ ವಾರ್ಷಿಕ ವರದಿ ಸಲ್ಲಿಸಲೇಬೇಕು.

ಎಲ್ಲರೂ ಎಡವುವುದು ತೆರಿಗೆಯಲ್ಲಿ. ಲಾಭವನ್ನು ಕಂಪನಿಯಲ್ಲೇ ಬಿಟ್ಟರೆ ಅಲ್ಲಿ ಆದಾಯ ತೆರಿಗೆ ಇಲ್ಲ, ಡಿವಿಡೆಂಡ್ ಆಗಿ ತೆಗೆದಾಗ ಮಾತ್ರ. ಕೇಳೋಕೆ ಚೆಂದ, ಅಲ್ವಾ? ಆದರೆ ಕಂಪನಿಯ ಮುಖ್ಯ ತೀರ್ಮಾನಗಳೆಲ್ಲ ನಿಮ್ಮ ಜಯನಗರದ ಮನೆಯಲ್ಲೇ ಆಗುತ್ತಿದ್ದರೆ, ನಮ್ಮ ಆದಾಯ ತೆರಿಗೆ ಇಲಾಖೆ ಅದನ್ನು ಭಾರತದ ಕಂಪನಿಯಂತೆಯೇ ನೋಡಬಹುದು. ದೇಶದ ಹೊರಗೆ ಹಣ ಹೂಡಲು ಫೆಮಾ (ನಮ್ಮ ವಿದೇಶಿ ವಿನಿಮಯ ಕಾಯ್ದೆ) ನಿಯಮಗಳೂ ಇವೆ. ಕಾರ್ಡಿಗೆ ದುಡ್ಡು ಕಟ್ಟುವ ಮೊದಲೇ ಸಿಎ ಹತ್ತಿರ ಮಾತಾಡಿ.

ಯುರೋಪಿನ ಗಿರಾಕಿಗಳಿದ್ದರೆ ಇದು ಕೆಲಸಕ್ಕೆ ಬರುತ್ತದೆ. ಗಿರಾಕಿಗಳೆಲ್ಲ ಇಲ್ಲಿಯವರೇ ಆಗಿದ್ದರೆ ಸುಮ್ನೆ ಖರ್ಚು.