ನ್ಯಾನೊ ಎಂಬ ಪಠ್ಯ ಸಂಪಾದಕ ತಂತ್ರಾಂಶದಲ್ಲಿ ಬರೆದದ್ದನ್ನು ಉಳಿಸಿ ಹೊರಬರುವುದು ಹೇಗೆ? ಪರದೆಯ ಕೆಳಗಿನ ಸಾಲುಗಳಲ್ಲಿರುವ ‘^’ ಏನು? ಹಾಸನದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅದು ನನ್ನನ್ನು ಗೊಂದಲಗೊಳಿಸಿತು.

ಕಂಟ್ರೋಲ್ ಕೀಲಿಯನ್ನು ಹಿಡಿದುಕೊಂಡು ‘ಓ’ ಒತ್ತಿ, ಕೆಳಗೆ ಕಾಣಿಸುವ ಕಡತದ ಹೆಸರನ್ನು ಎಂಟರ್ ಒತ್ತಿ ಒಪ್ಪಿಕೊಂಡರೆ ಬರೆದದ್ದು ಉಳಿಯುತ್ತದೆ. ಅನಂತರ ಕಂಟ್ರೋಲ್ ಜೊತೆಗೆ ‘ಎಕ್ಸ್’ ಒತ್ತಿದರೆ ಹೊರಬರಬಹುದು. ಹಾಸನದ ಕಾಲೇಜಿನ ಪ್ರಯೋಗಾಲಯದಲ್ಲಿ ನಿಮ್ಮನ್ನು ಗೊಂದಲಗೊಳಿಸಿದ ‘^’ ಚಿಹ್ನೆ ಕಂಟ್ರೋಲ್ ಕೀಲಿಯ ಗುರುತೇ ಹೊರತು ಬೆರಳಚ್ಚಿಸಬೇಕಾದ ಅಕ್ಷರವಲ್ಲ.

ಈ ಏರ್ಪಾಡಿಗೆ ಕಾರಣ ಸರಳವಾಗಿದೆ. ನ್ಯಾನೊದಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವೂ ನೇರವಾಗಿ ಪಠ್ಯಕ್ಕೆ ಸೇರುವುದರಿಂದ, ಯಾವುದು ಬರಹ, ಯಾವುದು ಆಜ್ಞೆ ಎಂಬುದನ್ನು ಬೇರ್ಪಡಿಸಲು ಒಂದು ಗುರುತು ಬೇಕಾಗುತ್ತದೆ, ಆ ಕೆಲಸವನ್ನು ಕಂಟ್ರೋಲ್ ಕೀಲಿ ಮಾಡುತ್ತದೆ. ಇದೇ ಉದ್ದೇಶಕ್ಕೆ ವಿಮ್ ಎಂಬ ಸಂಪಾದಕವು ಬರೆಯುವ ಸ್ಥಿತಿ, ಆಜ್ಞೆಯ ಸ್ಥಿತಿ ಎಂದು ಬೇರೆ ಬೇರೆ ಸ್ಥಿತಿಗಳನ್ನು ಇಟ್ಟುಕೊಂಡಿದೆ. ಹೊಸಬರು ಅಲ್ಲಿಂದ ಹೊರಬರಲಾಗದೆ ಒದ್ದಾಡುವುದು ಆ ಕಾರಣಕ್ಕೇ. ಆದ್ದರಿಂದ ಆರಂಭಕ್ಕೆ ನ್ಯಾನೊ ಸಾಕು ಎಂಬುದು ನನ್ನ ಅಭಿಪ್ರಾಯ.

ನ್ಯಾನೊ ತೆರೆಯಲು, ಟರ್ಮಿನಲ್‌ನಲ್ಲಿ (ಗಣಕಕ್ಕೆ ಆಜ್ಞೆಗಳನ್ನು ಬೆರಳಚ್ಚಿಸಿ ಕೊಡುವ ಕಿಟಕಿಯಲ್ಲಿ) ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ನ್ಯಾನೊ (nano) ಎಂದು ಬರೆದು, ಒಂದು ಜಾಗ ಬಿಟ್ಟು, ಕಡತದ ಹೆಸರು ಕೊಟ್ಟು ಎಂಟರ್ ಒತ್ತಬೇಕು. ಆ ಹೆಸರಿನ ಕಡತ ಇಲ್ಲದಿದ್ದರೂ ಅಡ್ಡಿಯಿಲ್ಲ, ಉಳಿಸಿದಾಗ ಅದು ಹುಟ್ಟುತ್ತದೆ. ಅಲ್ಲಿಯವರೆಗೆ ನೀವು ಬರೆದದ್ದು ಗಣಕದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಮನೆಯಲ್ಲಿ ಕುಳಿತು, ಬ್ಯಾಟರಿಯಿಲ್ಲದ ಗಣಕದಲ್ಲಿ ಅಭ್ಯಾಸ ಮಾಡುವವರು ಕರೆಂಟು ಹೋಗುವ ಮೊದಲೇ ನಾಲ್ಕೈದು ಸಾಲಿಗೊಮ್ಮೆ ಕಂಟ್ರೋಲ್ ಮತ್ತು ‘ಓ’ ಒತ್ತುತ್ತಿರುವುದು ಒಳ್ಳೆಯದು. ಉಳಿಸದೆ ಹೊರಡಲು ಹೋದರೆ ನ್ಯಾನೊ ತಾನಾಗಿಯೇ ಕೇಳುತ್ತದೆ: ‘ವೈ’ ಒತ್ತಿದರೆ ಉಳಿಸಲು ಮುಂದಾಗುತ್ತದೆ, ‘ಎನ್’ ಒತ್ತಿದರೆ ಬದಲಾವಣೆಗಳನ್ನು ಕೈಬಿಡುತ್ತದೆ.